ಅಡ ಇಟ್ಟದ್ದು ಮಾನವನ್ನೇ

ಹತ್ತು ವರ್ಷಗಳ ಹಿಂದೆ ನಾನೂ ಒಂದು ಭಾಷಣ ಮಾಡಿದೆ. ಆವತಿಯಲ್ಲಿ ಶಾಮಿಯಾನ ಹಾಕಿದ್ದರು. ಹಿಂದೆ ‘ಮಹಿಳಾ ಸಬಲೀಕರಣ ಸಮಾವೇಶ’ ಎಂಬ ದೊಡ್ಡ ಬ್ಯಾನರು. ವೇದಿಕೆಯ ಮೇಲೆ ಆರು ಜನ ಗಂಡಸರು, ಏಳನೆಯವಳು ನಾನು. ದೊಡ್ಡಬಳ್ಳಾಪುರದಲ್ಲಿ ಹೈಸ್ಕೂಲಿನ ಮಕ್ಕಳಿಗೆ ಕನ್ನಡ ಪಾಠ ಹೇಳುತ್ತಿದ್ದವಳು ನಾನು. ಆವತಿ ನನ್ನ ಗಂಡನ ಊರು. ಊರ ಸೊಸೆ, ಓದಿದವಳು, ನಾಲ್ಕು ಮಾತಾಡಲಿ ಎಂದು ಕರೆದಿದ್ದರು. ಕೆಳಗೆ ಜಮಖಾನದ ಮೇಲೆ ಇನ್ನೂರು ಹೆಂಗಸರು, ಎಲ್ಲರದೂ ಒಂದೇ ಬಣ್ಣದ ಸೀರೆ. ‘ಸಾಲಕ್ಕೆ ಹೆದರಬೇಡಿ ತಾಯಂದಿರೇ, ಸಾಲವೇ ನಿಮ್ಮ ಶಕ್ತಿ’ ಎಂದೆ. ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಕಾರಿನಲ್ಲಿ ಮನೆ ಮುಟ್ಟಿಸಿದರು.

ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಈಗ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ಕಾರ್ತಿಕದಲ್ಲಿ ಆವತಿಗೆ ಹೋಗಿದ್ದೆ. ನನ್ನ ಓರಗಿತ್ತಿಯ ಮನೆ ಜಗಲಿಯ ಮೇಲೆ ಇಬ್ಬರು ಹುಡುಗರು ಕುಳಿತಿದ್ದರು, ಹೆಗಲಿಗೆ ಬ್ಯಾಗು, ಕೈಯಲ್ಲಿ ಮೊಬೈಲು. ನನ್ನ ಹಳೆಯ ಶಿಷ್ಯರ ವಯಸ್ಸು. ಮಧ್ಯಾಹ್ನ ಎರಡಕ್ಕೆ ಬಂದವರು ದೀಪ ಹಚ್ಚುವ ಹೊತ್ತಾದರೂ ಎದ್ದಿರಲಿಲ್ಲ. ‘ಕಂತು ಆಗೋವರೆಗೂ ಹೋಗಲ್ಲಮ್ಮ, ನಮಗೂ ಮೇಲಿನವರು ಕೇಳ್ತಾರೆ’ ಎಂದು ಅವರು ಮೆತ್ತಗೇ ಹೇಳುತ್ತಿದ್ದರು. ಬೈಗುಳವಿಲ್ಲ, ಕೂಗಾಟವಿಲ್ಲ. ಬೀದಿಯಲ್ಲಿ ಹೋಗುವವರೆಲ್ಲ ನೋಡಿಕೊಂಡು ಹೋಗುತ್ತಿದ್ದರು. ಅಷ್ಟು ಸಾಕಾಗಿತ್ತು.

ಹುಡುಗರಿಗಿಂತ ನನ್ನನ್ನು ಕಂಗೆಡಿಸಿದವರು ಅಂಗಳದಲ್ಲಿ ನಿಂತಿದ್ದ ಎಂಟು ಜನ ಹೆಂಗಸರು. ಹತ್ತು ಜನರ ಗುಂಪು ಅದು. ಒಬ್ಬಳು ಮೂರು ಕಡೆ ಸಾಲ ಮಾಡಿ, ತೀರಿಸಲಾರದೆ, ರಾತ್ರೋರಾತ್ರಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟಿದ್ದಳು. ಅವಳ ಕಂತನ್ನು ಉಳಿದ ಒಂಬತ್ತು ಜನ ಹಂಚಿಕೊಂಡು ಕಟ್ಟಬೇಕು. ಎಂಟು ಜನ ಹೇಗೋ ಹೊಂದಿಸಿದ್ದರು. ಒಂಬತ್ತನೆಯವಳಾದ ನನ್ನ ಓರಗಿತ್ತಿಯ ಕೈ ಖಾಲಿ. ‘ನಿನ್ನಿಂದ ನಾವೂ ಕಾಯ್ಬೇಕಾ?’ ಎಂದು ಆ ಎಂಟು ಜನ ಬಾಯಿಗೆ ಬಂದಂತೆ ಅನ್ನುತ್ತಿದ್ದರು. ಇವರೇ ಬಾಣಂತನಕ್ಕೆ ಒಬ್ಬರಿಗೊಬ್ಬರು ನೀರು ಕಾಯಿಸಿಕೊಟ್ಟವರು. ಒಂದು ಸೇರು ರಾಗಿ ಹಿಟ್ಟನ್ನು ಲೆಕ್ಕವಿಲ್ಲದೆ ಕೊಟ್ಟು ತೆಗೆದುಕೊಂಡವರು. ಅವರನ್ನು ಒಬ್ಬರ ಮನೆಗೆ ಒಬ್ಬರು ಪೊಲೀಸರಾಗುವಂತೆ ಮಾಡಿದ್ದು ಯಾವ ಸಬಲೀಕರಣ?

ನಾನು ಒಳಗೆ ಹೋದೆ. ಅವಳು ಕಿವಿಯ ಓಲೆ ಬಿಚ್ಚುತ್ತಿದ್ದಳು. ನನ್ನನ್ನು ಕಂಡು, ‘ಅಕ್ಕ, ಅವತ್ತು ನೀನೇ ಹೇಳ್ದಲ್ಲ, ಸಾಲ ಶಕ್ತಿ ಅಂತ. ನಂಗೆ ಶಕ್ತಿ ಬ್ಯಾಡ ಕಣಕ್ಕ, ಒಂದು ವಾರ ಟೈಮು ಕೊಡ್ಸು’ ಎಂದಳು.

ನಾನು ಹೊರಗೆ ಬಂದು ಕೇಳಿದೆ. ಹುಡುಗರು ಟೈಮು ಕೊಡಲಿಲ್ಲ. ನನ್ನ ಪರ್ಸಿನಲ್ಲೂ ಅವತ್ತು ಅಷ್ಟು ದುಡ್ಡಿರಲಿಲ್ಲ. ಓಲೆ ಗಿರವಿ ಅಂಗಡಿ ಸೇರಿತು.

ಅವಳಿಗೆ ಮೂರು ಸಾಲ. ಮೊದಲನೆಯದು ಕೊಳವೆಬಾವಿಗೆ, ಸಾವಿರದ ಇನ್ನೂರು ಅಡಿ ಕೊರೆದರೂ ಬಂದದ್ದು ದೂಳು. ಎರಡನೆಯದು ನನ್ನ ಮೈದುನನ ಆಸ್ಪತ್ರೆ ಖರ್ಚಿಗೆ. ಮೂರನೆಯದು ಮೊದಲೆರಡರ ಕಂತು ಕಟ್ಟಲಿಕ್ಕೆ. ಮೂರಕ್ಕೂ ಹೆಬ್ಬೆಟ್ಟು, ಫೋಟೋ, ಆಧಾರ್ ಅವಳದು. ಹಣ ಎಣಿಸಿಕೊಂಡ ಕೈ ಮಾತ್ರ ಪ್ರತಿ ಸಲವೂ ಬೇರೆ. ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆ ಕೇಳಿದ್ದೇವೆ. ಈ ಹೊಸ ಲೇವಾದೇವಿಯಲ್ಲಿ ಕೊಟ್ಟವನೇ ಈರಭದ್ರ, ಇಸಕೊಂಡವಳು ಕೋಡಂಗಿ.

ಇಂಥ ಸಾಲಗಳನ್ನು ‘ಅಡಮಾನವಿಲ್ಲದ ಸಾಲ’ ಎಂದು ಕರೆಯುತ್ತಾರೆ. ಹೊಲದ ಪಹಣಿ ಬೇಡ, ಒಡವೆ ಬೇಡ, ಜಾಮೀನು ಬೇಡ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಮೂವತ್ತು ವರ್ಷ ಕನ್ನಡ ಕಲಿಸಿದವಳು ನಾನು. ಪದದ ಮೂಲ ಏನೇ ಇರಲಿ, ಆ ದಿನ ಜಗಲಿಯ ಮೇಲೆ ಅದರ ಅರ್ಥ ನನಗೆ ಹೊಸದಾಗಿ ಹೊಳೆಯಿತು. ಇಲ್ಲಿ ಅಡ ಇಟ್ಟಿರುವುದು ಮಾನವನ್ನೇ. ಗಂಡಸು ಬ್ಯಾಂಕಿನ ಸಾಲ ತೀರಿಸದಿದ್ದರೆ ಮನೆಗೆ ನೋಟೀಸು ಬರುತ್ತದೆ, ಅವನು ಹೆಗಲ ಮೇಲಿನ ಟವೆಲು ಕೊಡವಿಕೊಂಡು ಟೀ ಅಂಗಡಿಗೆ ಹೋಗುತ್ತಾನೆ. ಹೆಂಗಸಿಗೆ ಬೀದಿಯಲ್ಲಿ ನಾಲ್ಕು ಜನ ನೋಡಿದರೆ ಸಾಕು, ತಾಳಿ ಮಾರಿಯಾದರೂ ತಂದು ಕೊಡುತ್ತಾಳೆ. ‘ನಮ್ಮ ಹೆಣ್ಣುಮಕ್ಕಳು ಪ್ರಾಮಾಣಿಕರು, ಸಾಲ ಮರುಪಾವತಿ ನೂರಕ್ಕೆ ತೊಂಬತ್ತೊಂಬತ್ತು’ ಎಂದು ವೇದಿಕೆಗಳಲ್ಲಿ ಹೊಗಳುತ್ತಾರಲ್ಲ, ಆ ಹೊಗಳಿಕೆಯ ಹಿಂದಿರುವುದು ಈ ಲೆಕ್ಕ.

ಸಂಘ ಎನ್ನುವುದು ಮೊದಲಿನಿಂದ ಹೀಗಿರಲಿಲ್ಲ. ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ.

1968ರಲ್ಲಿ ಶುರುವಾದ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ನಮ್ಮ ಪಕ್ಕದ ಕೋಲಾರ ಸೀಮೆಯಲ್ಲಿ ಕೆಲಸ ಮಾಡುತ್ತಿತ್ತು. 1984-85ರ ಸುಮಾರಿಗೆ ಅಲ್ಲಿನ ದೊಡ್ಡ ಸಹಕಾರ ಸಂಘಗಳು ಒಡೆದವು. ದೊಡ್ಡ ಸಂಘದಲ್ಲಿ ನಂಬಿಕೆ ಕಳೆದುಕೊಂಡ ಜನ ಹದಿನೈದು ಇಪ್ಪತ್ತು ಮಂದಿಯಂತೆ, ಒಬ್ಬರನ್ನೊಬ್ಬರು ಬಲ್ಲವರು, ತಾವೇ ಚಿಕ್ಕ ಗುಂಪು ಕಟ್ಟಿಕೊಂಡರು. ವಾರಕ್ಕೆ ಎರಡು ರೂಪಾಯಿಯೋ ಐದೋ ಕೂಡಿಟ್ಟರು. ಯಾರಿಗೆ ಕೊಡಬೇಕು, ಎಷ್ಟು ಬಡ್ಡಿ, ತಡವಾದರೆ ಏನು ಮಾಡಬೇಕು ಎನ್ನುವುದನ್ನು ಕುಳಿತು ತೀರ್ಮಾನಿಸಿದರು. ಇಂದು ನಾವು ಸ್ವಸಹಾಯ ಗುಂಪು ಎನ್ನುವುದರ ಬೇರುಗಳಲ್ಲಿ ಒಂದು ಇಲ್ಲಿದೆ. 1992ರಲ್ಲಿ ನಬಾರ್ಡು ಇಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಆರಂಭಿಸಿತು. 2000ದಲ್ಲಿ ನಮ್ಮ ಸರಕಾರದ ಸ್ತ್ರೀಶಕ್ತಿ ಯೋಜನೆ ಬಂತು. ಆ ಗುಂಪುಗಳಲ್ಲಿ ಹಣ ಹೆಂಗಸರದೇ, ಬಡ್ಡಿಯೂ ಅವರಿಗೇ ತಿರುಗಿ ಬರುತ್ತಿತ್ತು. ಒಬ್ಬಳ ಮಗುವಿಗೆ ಕಾಯಿಲೆಯಾದರೆ ಈ ವಾರ ಬಿಡೋಣ, ಮುಂದಿನ ವಾರ ಕಟ್ಟಲಿ ಎನ್ನುವ ಅಧಿಕಾರ ಅವರ ಕೈಯಲ್ಲೇ ಇತ್ತು.

ಇನ್ನೊಂದು ದಾರಿ ಬಾಂಗ್ಲಾದೇಶದಿಂದ ಬಂತು. ಮಹಮ್ಮದ್ ಯೂನುಸ್ ಅವರ ಗ್ರಾಮೀಣ ಬ್ಯಾಂಕ್ 1983ರಲ್ಲಿ ಬ್ಯಾಂಕಾಯಿತು. 2006ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆ ಮಾದರಿ ಹಿಡಿದು 1999ರಲ್ಲಿ ಬೆಂಗಳೂರಿನ ಬಳಿ ಒಂದು ಟ್ರಸ್ಟಿನ ಯೋಜನೆಯಾಗಿ ಗ್ರಾಮೀಣ ಕೂಟ ಶುರುವಾಯಿತು. ಮುಂದೆ ಅದು ಕಂಪನಿಯಾಯಿತು, 2018ರಲ್ಲಿ ಷೇರುಪೇಟೆಗೂ ಹೋಯಿತು. ಹೈದರಾಬಾದಿನ ಎಸ್‌ಕೆಎಸ್ ಕೂಡ ಸೇವಾಸಂಸ್ಥೆಯಾಗಿ ಹುಟ್ಟಿ, ಕಂಪನಿಯಾಗಿ, 2010ರ ಆಗಸ್ಟಿನಲ್ಲಿ ಷೇರು ಮಾರಿತು. ಈ ಸಂಸ್ಥೆ ಒಳ್ಳೆಯದು, ಆ ಸಂಸ್ಥೆ ಕೆಟ್ಟದ್ದು ಎಂದು ತೀರ್ಪು ಕೊಡಲು ನಾನು ಇದನ್ನು ಹೇಳುತ್ತಿಲ್ಲ. ನನ್ನ ಮಾತು ಇಷ್ಟೇ: ಬಡತನ ನೀಗಿಸಲು ಹುಟ್ಟಿದ್ದು ಲಾಭ ತೋರಿಸಬೇಕಾದ ಜಾಗಕ್ಕೆ ಹೋದ ಮೇಲೆ, ಹಳ್ಳಿಯ ಹೆಂಗಸು ಸಂಘದ ಸದಸ್ಯೆಯಾಗಿ ಉಳಿಯುವುದಿಲ್ಲ, ಗಿರಾಕಿಯಾಗುತ್ತಾಳೆ. ಗಿರಾಕಿಯ ಮಗುವಿಗೆ ಜ್ವರ ಬಂದರೆ ಅಂಗಡಿಯವನಿಗೇನು?

ಎಚ್ಚರಿಕೆ ಸಿಗಲಿಲ್ಲ ಎನ್ನುವ ಹಾಗಿಲ್ಲ. 2009ರಲ್ಲಿ ಕೋಲಾರದಲ್ಲಿ, ರಾಮನಗರದಲ್ಲಿ ಬಡ ಹೆಂಗಸರು ಸಾಮೂಹಿಕವಾಗಿ ಕಂತು ನಿಲ್ಲಿಸಿದರು. 2010ರಲ್ಲಿ ಆಂಧ್ರದಲ್ಲಿ ಸಾಲಗಾರರ ಆತ್ಮಹತ್ಯೆಗಳ ಸುದ್ದಿ ಬಂದ ಮೇಲೆ ಅಲ್ಲಿನ ಸರಕಾರ ಸುಗ್ರೀವಾಜ್ಞೆ ತಂದಿತು. 2022ರಲ್ಲಿ ರಿಸರ್ವ್ ಬ್ಯಾಂಕು ಹೊಸ ನಿಯಮ ಮಾಡಿ, ಕುಟುಂಬದ ತಿಂಗಳ ವರಮಾನದಲ್ಲಿ ಅರ್ಧಕ್ಕಿಂತ ಹೆಚ್ಚು ಕಂತಿಗೆ ಹೋಗಬಾರದು ಎಂದಿತು. ಜೊತೆಗೆ, ಬಡ್ಡಿಗೆ ಇದ್ದ ಮಿತಿಯನ್ನು ತೆಗೆದುಹಾಕಿತು. ನೂರಕ್ಕೆ ಇಪ್ಪತ್ತರ ಮೇಲಿನ ಬಡ್ಡಿ ಈಗ ಮಾಮೂಲು. ಕೊನೆಗೆ ನಮ್ಮ ರಾಜ್ಯದಲ್ಲೂ ಹಳ್ಳಿಗಳಿಂದ ಜನ ಮನೆಗೆ ಬೀಗ ಹಾಕಿಕೊಂಡು ಹೋಗುವ ಸ್ಥಿತಿ ಬಂತು. 2025ರ ಫೆಬ್ರವರಿ 12ರಂದು ಕಿರುಸಾಲ ವಸೂಲಿಯ ದೌರ್ಜನ್ಯ ತಡೆಯುವ ಸುಗ್ರೀವಾಜ್ಞೆ ಹೊರಟಿತು. ತಪ್ಪಿಗೆ ಹತ್ತು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ. ಒಳ್ಳೆಯದೇ. ಆದರೆ ಜಗಲಿಯ ಮೇಲೆ ಮೆತ್ತಗೆ ಮಾತಾಡಿಕೊಂಡು ಕುಳಿತವನ ಮೇಲೆ ಯಾವ ಹೆಂಗಸು ಠಾಣೆಗೆ ಹೋಗಿ ದೂರು ಬರೆಸುತ್ತಾಳೆ? ಅವಳ ಎಂಟು ಜನ ಗೆಳತಿಯರ ಮೇಲೆ ಯಾವ ಕಾಯಿದೆ ಹಾಕುತ್ತೀರಿ?

ಇಲ್ಲಿ ನನ್ನ ಸ್ನೇಹಿತೆಯರು ಒಂದು ಮಾತು ಹೇಳುತ್ತಾರೆ. ‘ಮೊದಲು ಸಾಹುಕಾರ ನೂರಕ್ಕೆ ತಿಂಗಳಿಗೆ ಐದು, ಹತ್ತು ಬಡ್ಡಿ ಕೀಳುತ್ತಿದ್ದ. ಅವನ ಮನೆ ಹಿತ್ತಲಲ್ಲಿ ಬಿಟ್ಟಿ ದುಡಿಯಬೇಕಿತ್ತು. ಅದಕ್ಕಿಂತ ಇದು ವಾಸಿಯಲ್ಲವೇ? ಹೆಂಗಸರು ಮನೆ ಹೊಸ್ತಿಲು ದಾಟಿ ಮೀಟಿಂಗಿಗೆ ಬಂದರು, ಸಹಿ ಕಲಿತರು, ಹಸು ಕೊಂಡರು, ಹೊಲಿಗೆ ಯಂತ್ರ ಕೊಂಡರು.’ ನಿಜ. ಒಂದು ಹಸುವಿನಿಂದ ನಾಲ್ಕು ಹಸು ಮಾಡಿ, ಡೈರಿಗೆ ಹಾಲು ಹಾಕಿ ಮಕ್ಕಳನ್ನು ಓದಿಸಿದವರು ಆವತಿಯ ಸುತ್ತಮುತ್ತಲೇ ಇದ್ದಾರೆ. ಅವರ ಶ್ರಮಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಅವರಲ್ಲಿ ಹೆಚ್ಚಿನವರಿಗೆ ಹೊಲದಲ್ಲಿ ನೀರಿತ್ತು, ಗಂಡ ಕುಡಿಯುತ್ತಿರಲಿಲ್ಲ, ಆ ವರ್ಷ ಮನೆಯಲ್ಲಿ ಯಾರೂ ಕಾಯಿಲೆ ಬೀಳಲಿಲ್ಲ. ಸಾಲ ಇರುವ ಶಕ್ತಿಯನ್ನು ದುಪ್ಪಟ್ಟು ಮಾಡಬಹುದು, ಇಲ್ಲದ ಶಕ್ತಿಯನ್ನು ಹುಟ್ಟಿಸಲಾರದು. ಆಸ್ಪತ್ರೆ ಖರ್ಚಿಗೆ ಮಾಡಿದ ಸಾಲ ಹಾಲು ಕರೆಯುವುದಿಲ್ಲ.

ಆವತಿಯಂಥ ಊರಿನಲ್ಲಿ ನಿಂತು ಈ ಮಾತು ಹೇಳುವಾಗ ನನಗೆ ಊರಿನ ಹಳೆಯ ಕಥೆ ನೆನಪಾಗುತ್ತದೆ. ಹದಿನೈದನೆಯ ಶತಮಾನದಲ್ಲಿ ಕಂಚಿಯ ಕಡೆ ಒಬ್ಬ ಪಾಳೆಯಗಾರ ರಣಭೈರೇಗೌಡನ ಮಗಳು ದೊಡ್ಡಮ್ಮನನ್ನು ಬಲವಂತವಾಗಿ ಮದುವೆಯಾಗಲು ಹೊರಟನಂತೆ. ಒಪ್ಪದ ಕುಟುಂಬ ಅಣ್ಣತಮ್ಮಂದಿರ ಸಮೇತ ರಾತ್ರಿ ಗಾಡಿ ಕಟ್ಟಿಕೊಂಡು ಊರು ಬಿಟ್ಟಿತು. ತುಂಬಿದ ಪಾಲಾರು ಅವರಿಗೆ ದಾರಿ ಬಿಟ್ಟಿತು. ಅವರು ಬಂದು ನೆಲೆ ನಿಂತದ್ದು ಆವತಿಯ ಬೆಟ್ಟದ ಬುಡದಲ್ಲಿ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕೋಟೆಗಳು, ಯಲಹಂಕ, ಬೆಂಗಳೂರು, ಎಲ್ಲದರ ಪಾಳೆಯಗಾರರೂ ತಮ್ಮ ಮೂಲವನ್ನು ಈ ಮನೆತನಕ್ಕೆ ಒಯ್ಯುತ್ತಾರೆ. ವಿಮಾನ ನಿಲ್ದಾಣದ ಮುಂದೆ 2022ರಲ್ಲಿ ಕೆಂಪೇಗೌಡರ 108 ಅಡಿಯ ಪ್ರತಿಮೆ ನಿಂತಿತು. ದೊಡ್ಡಮ್ಮನ ಪ್ರತಿಮೆಯನ್ನು ನಾನು ಎಲ್ಲೂ ಕಂಡಿಲ್ಲ. ಒಂದು ಹೆಣ್ಣಿನ ವಿಷಯದಲ್ಲಿ ‘ಒಲ್ಲೆ’ ಎಂದದ್ದರಿಂದ ಹುಟ್ಟಿದ ಊರು ಇದು. ಆ ‘ಒಲ್ಲೆ’ಯನ್ನು ಅವಳೇ ಹೇಳಿದಳೋ, ಅವಳ ಪರವಾಗಿ ಗಂಡಸರು ಹೇಳಿದರೋ, ಕಥೆಯಲ್ಲಿ ಅದಕ್ಕೆ ಜಾಗವಿಲ್ಲ.

ಇದೇ ಸೀಮೆಯಲ್ಲಿ ಇನ್ನೊಂದು ಸಂಗತಿ ಇತ್ತು. ಹಳೆಯ ಗೆಜೆಟಿಯರುಗಳಲ್ಲಿ ದಾಖಲಾಗಿದೆ. ಒಕ್ಕಲು ಪಂಗಡವೊಂದರಲ್ಲಿ ಹಿರಿಯ ಮಗಳ ಕಿವಿ ಚುಚ್ಚಿಸುವ ಮುನ್ನ ತಾಯಿ ತನ್ನ ಬಲಗೈಯ ಎರಡು ಬೆರಳುಗಳ ತುದಿಯನ್ನು ದೇವರಿಗೆ ಕತ್ತರಿಸಿ ಕೊಡಬೇಕಿತ್ತು. ಮಗಳು ಮನೆತನಕ್ಕೆ ಬೆಳೆಯಬೇಕಾದರೆ ತಾಯಿ ಬೆರಳು ತೆರಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಸರಕಾರ ಅದನ್ನು ನಿಷೇಧಿಸಿತು, ಜನವೂ ಬಿಟ್ಟರು. ನಮ್ಮ ಕಾಲದಲ್ಲಿ ಬೆರಳು ಕತ್ತರಿಸುವುದಿಲ್ಲ. ಹೆಬ್ಬೆರಳನ್ನು ಯಂತ್ರದ ಮೇಲೆ ಒತ್ತಿಸಿಕೊಳ್ಳುತ್ತೇವೆ.

ಎಷ್ಟು ಕಡೆ ಒತ್ತಿಸಿಕೊಳ್ಳುತ್ತೇವೆ ನೋಡಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಜಾರಿಗೆ ತಂದಿತು. 2005ರಲ್ಲಿ ದೇಶಕ್ಕೆಲ್ಲ ಆಯಿತು. 2020ರಲ್ಲಿ ಸುಪ್ರೀಂ ಕೋರ್ಟು ಇದ್ದ ಸಂಶಯವನ್ನೂ ಪರಿಹರಿಸಿತು. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಕಡೆ ಎಕರೆಗೆ ಕೋಟಿಯ ಮಾತು. ರಾಗಿ ಹೊಲ, ದ್ರಾಕ್ಷಿ ತೋಟ, ಚಕ್ಕೋತದ ಮರಗಳಿದ್ದ ಜಾಗ ನಿವೇಶನಗಳಾದವು. ಆಗ ತವರಿನಿಂದ ಅಣ್ಣತಮ್ಮಂದಿರು ಸೀರೆ, ಕುಂಕುಮ, ಒಂದು ಹಾಳೆ ಹಿಡಿದುಕೊಂಡು ಬಂದರು. ಆ ಹಾಳೆ ಹಕ್ಕು ಬಿಡುಗಡೆ ಪತ್ರ. ‘ತವರು ಬೇಕೋ, ಪಾಲು ಬೇಕೋ?’ ಎಂದರು. ನಮ್ಮವರು ತವರು ಬೇಕು ಎಂದು ಹೆಬ್ಬೆಟ್ಟು ಒತ್ತಿದರು. ನನ್ನ ಓರಗಿತ್ತಿಯೂ ಒತ್ತಿದಳು. ಅವಳ ಪಾಲು ಕೈಗೆ ಬಂದಿದ್ದರೆ ಮೂರು ಸಾಲದಲ್ಲಿ ಒಂದೂ ಬೇಕಾಗಿರಲಿಲ್ಲ. ಸಬಲೀಕರಣದ ಶಾಮಿಯಾನದ ಕೆಳಗೆ ಈ ಕಾನೂನಿನ ಬಗ್ಗೆ ಒಬ್ಬರೂ ಉಸಿರೆತ್ತಲಿಲ್ಲ. ನಾನೂ ಎತ್ತಲಿಲ್ಲ. ವೇದಿಕೆಯ ಮೇಲಿದ್ದ ಆರು ಜನ ಗಂಡಸರಿಗೂ ಅಕ್ಕತಂಗಿಯರಿದ್ದರು!

ಆರೋಗ್ಯದ ಮಾತಿಗೆ ಬನ್ನಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ಗಂಡಸರ ಶಸ್ತ್ರಚಿಕಿತ್ಸೆ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ರಕ್ತವಿಲ್ಲದ ಮೈಗೆ ಕತ್ತರಿ, ಅದೇ ಮೈಗೆ ಸಾಲದ ಹೊರೆ. ಮೇಲೆ ‘ಶಕ್ತಿ’ ಎಂಬ ಹೆಸರು. ಮನೆಮನೆಗೆ ಹೋಗಿ ಗರ್ಭಿಣಿಯರ ಲೆಕ್ಕ ಬರೆಯುವ ಆಶಾ ಕಾರ್ಯಕರ್ತೆಯರನ್ನು ಸರಕಾರ ನೌಕರರೆಂದೇ ಒಪ್ಪುವುದಿಲ್ಲ. ಗೌರವಧನ ಪಡೆಯುವ ಸ್ವಯಂಸೇವಕಿಯರಂತೆ ಅವರು. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕುಳಿತು, ತಿಂಗಳಿಗೆ ಕನಿಷ್ಠ ಹತ್ತು ಸಾವಿರದ ಭರವಸೆ ಪಡೆದು ಎದ್ದರು. ಹೆಂಗಸರ ಆರೋಗ್ಯ ಕಾಯುವ ಹೆಂಗಸೇ ಕೂಲಿಗಾಗಿ ಬೀದಿಗೆ ಬರಬೇಕಾದ ನಾಡಿನಲ್ಲಿ ಸಮಾವೇಶಗಳಿಗೇನೂ ಬರವಿಲ್ಲ.

ಓದಿನ ಕಥೆಯೂ ಅದೇ. ನನ್ನ ಓರಗಿತ್ತಿಯ ಮಗಳು ಪಿಯುಸಿ ಬಿಟ್ಟು ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿಗೆ ಸೇರಿದಳು. ಅವಳ ಸಂಬಳ ನೇರ ಕಂತಿಗೆ. ತಾಯಿ ಸಬಲೆಯಾದ ಲೆಕ್ಕದಲ್ಲಿ ಒಂದು ಹೆಸರು ಸೇರಿತು; ಮಗಳು ಕಾಲೇಜು ಬಿಟ್ಟದ್ದನ್ನು ಆ ಲೆಕ್ಕದಲ್ಲಿ ಬರೆಯಲು ಕಾಲಂ ಇಲ್ಲ.

ಬೇರೆ ದಾರಿ ಇರಲಿಲ್ಲವೇ? ಇತ್ತು. 1989ರಲ್ಲಿ ಮಹಿಳಾ ಸಮಖ್ಯಾ ಎಂಬ ಕಾರ್ಯಕ್ರಮ ಬೀದರ, ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಶುರುವಾಯಿತು. ಅದರಲ್ಲಿ ಸಾಲ ಹಂಚಲಿಲ್ಲ, ಸೀರೆ ಹಂಚಲಿಲ್ಲ. ಬಡ ಹೆಂಗಸರು, ಅದರಲ್ಲೂ ದಲಿತ ಹೆಂಗಸರು, ವಾರಕ್ಕೊಮ್ಮೆ ಕೂತು ತಮಗೆ ಏನು ಬೇಕೆಂದು ತಾವೇ ಮಾತಾಡಬೇಕು. ಕೂಲಿಯೋ, ನೀರೋ, ಹೊಡೆಯುವ ಗಂಡನೋ, ಅಕ್ಷರವೋ, ಎಲ್ಲಿಂದ ಶುರು ಮಾಡಬೇಕೆಂದು ಅವರೇ ನಿರ್ಧರಿಸಬೇಕು. ಇದು ನಿಧಾನದ ಕೆಲಸ. ಇಂತಿಷ್ಟು ಜನ ಸಬಲರಾದರು ಎಂದು ವರ್ಷದ ಕೊನೆಗೆ ವರದಿ ಬರೆಯಲು ಬರುವುದಿಲ್ಲ. ಕಳೆದ ದಶಕದಲ್ಲಿ ಕೇಂದ್ರ ಸರಕಾರ ಅದರ ಕೈಬಿಟ್ಟಿತು. 2019ರ ಜನವರಿಯಲ್ಲಿ ಸಾವಿರಾರು ಹಳ್ಳಿಯ ಹೆಂಗಸರು ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರು ನಡೆದು ಬಂದರು. ನಮಗೆ ಸಾಲ ಕೊಡಿ ಎಂದು ಕೇಳಲು ಅವರು ಹಾಗೆ ನಡೆಯಲಿಲ್ಲ. ಹೆಂಗಸರಿಗೆ ಏನು ಬೇಕೆಂದು ಅವರ ಕಾಲುಗಳು ಹೇಳಿದವು. ನಾವು ಕೇಳಿಸಿಕೊಳ್ಳಲಿಲ್ಲ.

ಪಟ್ಟಣದಲ್ಲಿರುವ ನಮಗೆ, ನಿಮಗೆ ಈ ಮಾತು. ನಾವು ಮಹಿಳಾ ಸಮಾಜಗಳ ಸದಸ್ಯರು, ದಾನ ಕೊಡುವವರು, ಉದ್ಘಾಟನೆಗೆ ದೀಪ ಹಚ್ಚುವವರು. ಉಚಿತ ಬಸ್ಸಿನಲ್ಲಿ ಹಳ್ಳಿ ಹೆಂಗಸರು ಸುಮ್ಮನೆ ತಿರುಗುತ್ತಾರೆ ಎಂದು ಮೂಗು ಮುರಿಯುವವರೂ ನಾವೇ. ಅವರು ಎಲ್ಲಿಗೆ ಹೋಗುತ್ತಾರೆಂದು ಒಮ್ಮೆಯಾದರೂ ಪಕ್ಕದ ಸೀಟಿನಲ್ಲಿ ಕುಳಿತು ಕೇಳಿದ್ದೇವೆಯೇ? ಇನ್ನು ಮುಂದೆ ಯಾವುದಾದರೂ ಸಂಸ್ಥೆ ನಮ್ಮನ್ನು ಕರೆದರೆ ಶಾಲು ಹೊದೆಯುವ ಮೊದಲು ಕೆಲವು ಪ್ರಶ್ನೆ ಕೇಳೋಣ. ಈ ಹಣ ಹೆಂಗಸರು ಕೂಡಿಟ್ಟದ್ದೋ, ಹೊರಗಿನಿಂದ ಬಂದದ್ದೋ? ಬಡ್ಡಿ ಎಷ್ಟು, ಅದು ಯಾರಿಗೆ ಸೇರುತ್ತದೆ? ಒಬ್ಬಳು ‘ಈ ವಾರ ಆಗುವುದಿಲ್ಲ’ ಎಂದರೆ ಏನಾಗುತ್ತದೆ? ಒಬ್ಬಳು ‘ನನಗೆ ಸಾಲವೇ ಬೇಡ’ ಎಂದರೆ ಅವಳಿಗೆ ಸಂಘದಲ್ಲಿ ಜಾಗ ಇದೆಯೇ? ಆಸ್ತಿಯ ಹಕ್ಕು, ರಕ್ತಪರೀಕ್ಷೆ, ಹುಡುಗಿಯರ ಓದು, ಇವುಗಳಲ್ಲಿ ಯಾವುದರ ಬಗ್ಗೆ ಕಳೆದ ವರ್ಷ ಸಂಘದಲ್ಲಿ ಮಾತಾಡಿದಿರಿ? ಉತ್ತರ ಸರಿಯಾಗಿದ್ದರೆ ದೀಪ ಹಚ್ಚೋಣ. ತಡವರಿಸಿದರೆ ಎದ್ದು ಬರೋಣ. ‘ಒಲ್ಲೆ’ ಎನ್ನಲು ಬಿಡದ ಕಡೆ ಹೆಣ್ಣಿಗೆ ಬಲ ಬರುವುದಿಲ್ಲ, ಅದಕ್ಕೆ ಏನೇ ಹೆಸರಿಡಲಿ.

ಮೊನ್ನೆ ಆವತಿಗೆ ಹೋಗಿದ್ದೆ. ನನ್ನ ಓರಗಿತ್ತಿಯ ಒಂದು ಸಾಲ ತೀರಿದೆ, ಎರಡು ಇವೆ. ಹಳೆಯ ಗುಂಪಿನ ಒಂಬತ್ತು ಜನರಲ್ಲಿ ಮೂವರು ಇವಳೊಡನೆ ಈಗಲೂ ಮಾತಾಡುವುದಿಲ್ಲ. ಉಳಿದ ಆರು ಜನ ಸೇರಿ ವಾರಕ್ಕೆ ತಲೆಗೆ ಐವತ್ತು ರೂಪಾಯಿ ಕೂಡಿಡುತ್ತಿದ್ದಾರೆ. ಬ್ಯಾನರಿಲ್ಲ, ಬಣ್ಣದ ಸೀರೆಯಿಲ್ಲ, ಒಂದು ನೋಟುಬುಕ್ಕು. ಹನ್ನೊಂದು ತಿಂಗಳಲ್ಲಿ ಹದಿನಾಲ್ಕು ಸಾವಿರ ಚಿಲ್ಲರೆ ಆಗಿದೆ. ಅದರಿಂದ ಮೊದಲು ಹೋದದ್ದು ಒಬ್ಬಳ ಮಗಳ ಕಾಲೇಜು ಫೀಸಿಗೆ. ಮೂರು ವಾರ ತಡವಾದರೂ ಯಾರೂ ಅವಳ ಜಗಲಿಯ ಮೇಲೆ ಕೂರಲಿಲ್ಲ. ಲೆಕ್ಕ ಬರೆಯುವವಳು ನನ್ನ ಓರಗಿತ್ತಿಯ ಮಗಳು, ಗಾರ್ಮೆಂಟ್ಸಿನಿಂದ ಬಂದ ಮೇಲೆ, ರಾತ್ರಿ. ಪಿಯುಸಿ ಪರೀಕ್ಷೆ ಖಾಸಗಿಯಾಗಿ ಕಟ್ಟುತ್ತೇನೆ, ಪಾಠ ಹೇಳಿಕೊಡುತ್ತೀಯಾ ದೊಡ್ಡಮ್ಮ ಎಂದು ಕೇಳಿದಳು. ಭಾನುವಾರಗಳಂದು ಹೋಗುತ್ತಿದ್ದೇನೆ.

ಓಲೆ ಇನ್ನೂ ಅಂಗಡಿಯಲ್ಲೇ ಇದೆ. ಬಿಡಿಸಿಕೊಡುತ್ತೇನೆ ಎಂದೆ, ಬೇಡ, ನಾನೇ ಬಿಡಿಸಿಕೋತೀನಿ ಎಂದಳು. ಆರು ಜನರ ಆ ಸಂಘದವರು ನನ್ನನ್ನು ಇದುವರೆಗೆ ಭಾಷಣಕ್ಕೆ ಕರೆದಿಲ್ಲ. ಕರೆಯದೇ ಇರುವುದು ಒಳ್ಳೆಯದು.